ಕಾಗವಾಡದ ಎಲ್ಲೆ ದಾಟದ ಮಳೆಗಾಲ

ಮೊನ್ನೆ ಅಥಣಿಯಿಂದ ಬರುವಾಗ ಉಗಾರ ಖುರ್ದದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬಿದ್ದೆ. ಮುಂದಿನ ಟ್ರೇಲರಿನ ಕಬ್ಬು ಜಾರಿ ಕಾರಿನ ಮೇಲೆ ಬೀಳುತ್ತದೆಂದು ಚಿಂತೆ. ಹಿಂದೆ ಸರಿದರೆ ಹಿಂದಿನವನು ನನ್ನನ್ನೂ ಸಕ್ಕರೆ ಕಾರ್ಖಾನೆಯ ಒಳಗೆ ನೂಕಿಬಿಡುತ್ತಾನೆಂದು ಚಿಂತೆ. ಸೆಖೆಗೆ ಗಾಜು ಇಳಿಸಿದೆ. ಕಾಕಂಬಿಯ ವಾಸನೆ ಒಳಗೆ ನುಗ್ಗಿತು, ಅರ್ಧ ಸಿಹಿ, ಅರ್ಧ ಕೊಳೆತದ್ದು. ಈ ಭಾಗದವರಿಗೆಲ್ಲ ಆ ವಾಸನೆ ಎಂದರೆ ಹಂಗಾಮು ಶುರುವಾಯಿತು ಎಂದರ್ಥ. ನನಗೆ ಮಾತ್ರ ನೇಮಣ್ಣ ಹೊರಟ ದಿನಗಳು ನೆನಪಾಗುತ್ತವೆ.

ನೇಮಣ್ಣ ಕಾಗವಾಡದವನು. ನನ್ನ ಪಾಲುದಾರ; ಬೇರೆ ಯಾರೂ ಇಲ್ಲದ್ದರಿಂದ ನನ್ನ ಗೆಳೆಯನೂ ಅವನೇ. ಒಂದು ಕಾಲಕ್ಕೆ ಇಬ್ಬರೂ ಸೇರಿ ಒಂದು ಹಳೆಯ ಬೈಕಿನ ಮೇಲೆ ಕೊರಿಯರ್ ಶುರುಮಾಡಿದ್ದೆವು. ಅವನು ಓಡಿಸುವುದು, ನಾನು ಹಿಂದೆ ಕುಳಿತು ಚೀಲ ತಬ್ಬಿಕೊಂಡು ಚಿಂತೆ ಮಾಡುವುದು. ವ್ಯವಹಾರ ಬೆಳೆದರೂ ಕೆಲಸದ ಈ ಹಂಚಿಕೆ ಬದಲಾಗಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಐದು ಕಡೆ ಹಬ್ ಆದವು. ಹಬ್ ಎಂದರೆ ದೊಡ್ಡದೇನಲ್ಲ. ಒಂದು ಶಟರ್, ಒಂದು ತಕ್ಕಡಿ, ಗೋಡೆಗೆ ಒರಗಿಸಿದ ಚೀಲಗಳು. ಊರೂರಿನ ಪಾರ್ಸಲುಗಳು ಅಲ್ಲಿ ಇಳಿದು, ವಿಂಗಡಣೆಯಾಗಿ, ಮತ್ತೆ ಗಾಡಿ ಹತ್ತುತ್ತವೆ. ನಾನು ಚಿಕ್ಕೋಡಿಯಲ್ಲಿ ಕುಳಿತು ಐದನ್ನೂ ನೋಡಿಕೊಳ್ಳುತ್ತಿದ್ದೆ. ಪಾರ್ಸಲ್ ತಡವಾದರೆ ಕಳೆಯಿತೇ ಎಂಬ ಚಿಂತೆ, ಬೇಗ ತಲುಪಿದರೆ ಬೇರೆ ಯಾರಿಗೋ ಕೊಟ್ಟರೇ ಎಂಬ ಚಿಂತೆ.

ನನ್ನದು ಬಿಟ್ಟರೆ ಉಳಿದ ನಾಲ್ಕು ಹಬ್ಬುಗಳಿಗೆ ನಾಲ್ಕು ರೀತಿ. ನಿಪ್ಪಾಣಿಯ ಸುನಂದಾ ವಹಿನಿ ಎಲ್ಲವನ್ನೂ ಮರಾಠಿಯಲ್ಲಿ ಮಾತನಾಡಿ ವಾಟ್ಸ್ಯಾಪಿಗೆ ಹಾಕುತ್ತಿದ್ದರು. ಅದರಲ್ಲಿ ಪಾರ್ಸಲಿನ ವಿಷಯ ಅರ್ಧ, ಕುಕ್ಕರಿನ ಸೀಟಿ ಅರ್ಧ. ರಾಯಬಾಗದವರು ಚೀಟಿಯ ಫೋಟೋ ಕಳಿಸುವರು, ಯಾವಾಗಲೂ ತಲೆಕೆಳಗಾಗಿ. ಅಥಣಿಯವರು ತಮ್ಮದೇ ಕಂಪ್ಯೂಟರಿನಲ್ಲಿ ಬರೆದುಕೊಂಡು ಯಾರಿಗೂ ತೋರಿಸುತ್ತಿರಲಿಲ್ಲ. ಕಾಗವಾಡದ್ದು ಎಲ್ಲಿಯೂ ಬರೆದಿರಲಿಲ್ಲ, ನೇಮಣ್ಣನ ತಲೆಯಲ್ಲಿತ್ತು. ಆ ಕಡೆ ಜನ ಊರೊಳಗಿರುವುದಕ್ಕಿಂತ ಹೊಲದ ತೋಟದ ಮನೆಗಳಲ್ಲಿ ಹೆಚ್ಚು ಇರುತ್ತಾರೆ. ಕಬ್ಬು ಆಳೆತ್ತರ ಬಂದರೆ ಮನೆಯೇ ಕಾಣಿಸುವುದಿಲ್ಲ. ‘ಕೆನಾಲ್ ಹತ್ತಿರ, ಕಾಗವಾಡ’ ಎಂಬ ವಿಳಾಸ ಓದಿ ಇಂಥವರದೇ ಎಂದು ಹೇಳಬಲ್ಲವನು ಅವನೊಬ್ಬನೇ.

ಇವೆಲ್ಲವನ್ನೂ ಫೋನು ಹಿಡಿದು ಕಟ್ಟಿತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನೇಮಣ್ಣನ ಕರೆ. “ಚೀಲ ಬಂದಾವು” ಎನ್ನುವುದು ಒಂದು ಮಾತು. ಉಳಿದದ್ದು ನಿನ್ನೆ ಏನು ಉಂಡೆ, ಯಾರು ಸತ್ತರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಚಿಂತೆ ಮಾಡಿ ಮಾಡಿ ನಿನ್ನ ಬಿಪಿ ಎಷ್ಟಾಯಿತು. ಹೆಂಡತಿ ಶೈಲಜಾ ಮಗಳ ಓದಿಗೆಂದು ಬೆಳಗಾವಿಯಲ್ಲಿ ಮನೆ ಮಾಡಿದ್ದಳು. ರವಿವಾರ ನಾನು ಅಲ್ಲಿಗೆ ಅತಿಥಿಯಂತೆ ಹೋಗಿಬರುತ್ತಿದ್ದೆ. ಉಳಿದ ದಿನ ನಾನು ಉಂಡೆನೋ ಇಲ್ಲವೋ ಎಂದು ದಿನದ ಮೊದಲ ಮಾತಾಗಿ ಕೇಳುತ್ತಿದ್ದವನು ಕಾಗವಾಡದಲ್ಲಿದ್ದ.

ಆ ವರ್ಷ ಬೇಸಿಗೆಯ ಕೊನೆಗೆ ನಾನು ಸಾಫ್ಟ್‌ವೇರ್ ಕೊಂಡೆ. ಐದೂ ಹಬ್ ಒಂದೇ ಪರದೆಯ ಮೇಲೆ. ಚೀಲ ಎಲ್ಲಿದೆ, ಗಾಡಿ ಎಲ್ಲಿದೆ, ಯಾರು ಸಹಿ ಮಾಡಿದರು, ಎಲ್ಲ ಅಲ್ಲೇ. ಹಾಕಿಕೊಡಲು ಕೊಲ್ಹಾಪುರದಿಂದ ಒಬ್ಬ ತರುಣ ಬಂದಿದ್ದ. ಎರಡು ದಿನ ನನ್ನ ಪ್ರಶ್ನೆಗಳನ್ನು ತಾಳಿಕೊಂಡು ಕೊನೆಗೆ ಕೈ ಮುಗಿದ.

“ಸಾಹೇಬ್ರ, ಇನ್ನ ಮ್ಯಾಲ ನೀವು ಯಾರಿಗೂ ಫೋನ್ ಮಾಡೂ ಗರಜಿಲ್ರಿ. ಹಸಿರ ಅಂದ್ರ ಪಾರ್ಸಲ್ ಪೋಚ್ ಆಗೈತಿ, ಮುಟ್ಟೈತಿ; ಕೆಂಪ ಅಂದ್ರ ಇಲ್ಲ. ಬಿಂದಾಸ್ ಕುಂದರ್ರಿ.”

ನಾನು ಅದಕ್ಕೇ ಒಪ್ಪಿದ್ದು. ಫೋನು ಮಾಡುವ ಗರಜಿಲ್ಲ ಎಂಬುದು ಒಂದು ಸೌಕರ್ಯ ಎಂದೇ ಆಗ ತಿಳಿದಿದ್ದೆ.

ಆಷಾಢದಲ್ಲಿ ಕಾಗವಾಡದ ಬಸದಿಗೆ ಜೈನ ಮುನಿಗಳ ಸಂಘ ಬಂತು; ಊರವರು ಮುನಿಗಳನ್ನು ಮಹಾರಾಜರು ಎನ್ನುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಅವರು ಎಲ್ಲಿಯೂ ನಡೆಯುವುದಿಲ್ಲ, ಒಂದೇ ಊರಲ್ಲಿ ನಿಲ್ಲುತ್ತಾರೆ. ಅವರು ನಿಂತಾಗ ಊರಿನ ಜೈನ ಮನೆಗಳವರೂ ಏನಾದರೂ ಒಂದು ವ್ರತ ಹಿಡಿಯುವುದು ರೂಢಿ. ಕೆಲವರು ಸಿಹಿ ಬಿಡುತ್ತಾರೆ, ಕೆಲವರು ಒಪ್ಪತ್ತು ಮಾಡುತ್ತಾರೆ. ನೇಮಣ್ಣ ಹಿಂದಿನ ವರ್ಷ ಚಹಾ ಬಿಟ್ಟು ನಾಲ್ಕು ತಿಂಗಳು ನನ್ನ ಮೇಲೆ ಸಿಟ್ಟಾಗಿದ್ದ. ಈ ಸಲ ಏನು ಬಿಡುತ್ತಾನೋ ಎಂದು ನಗುತ್ತಾ ಕಾದಿದ್ದೆ.

“ಬಸು, ನಾಳಿಂದ ನಾ ಫೋನ್ ಮಾಡೂದಿಲ್ಲಪಾ” ಎಂದ.

“ಯಾಕ, ರಿಚಾರ್ಜ್ ಮುಗೀತೇನ?”

“ವ್ರತ ತಗೊಂಡೇನಿ. ಚಾತುರ್ಮಾಸ ಮುಗಿಯೂತನ ಕಾಗವಾಡದ ಸೀಮಿ ದಾಟೂದಿಲ್ಲ.”

“ದಾಟಬ್ಯಾಡ, ನಾನ ಬರತೇನಿ. ಫೋನಿಗೇನ ಆಗೇತಿ?”

“ಸೀಮಿ ಹಾಕ್ಕೊಂಡ ಮ್ಯಾಲ ಹೊರಗಿನವರನ್ನ ಕೂಗಿ ಕರಿಯೂದೂ ದೋಷನ. ಕಾಲು ಒಳಗಿಟ್ಟು ಬಾಯಿ ಹೊರಗ ಇಟ್ಟರ ಏನ ಬಂತು?”

“ಹೊರಗ ಸಾಮಾನ ಕಳಸೂದು?”

“ಅದೂ ದೋಷನ.”

“ಲೇ ನೇಮಣ್ಣ, ನೀ ಕೊರಿಯರ್ ನಡಸಾಂವ.”

ಅವನು ನಕ್ಕ. “ಮಹಾರಾಜರನ್ನ ಕೇಳೇನಿ. ಹೊಟ್ಟಿಪಾಡಿಂದ ಬಿಟ್ಟು ಉಳದದ್ದಕ್ಕ ಸೀಮಿ ಹಾಕ್ಕೋ ಅಂದಾರ. ಕೆಲಸಕ್ಕ ನಿನ್ನ ಸಾಫ್ಟ್‌ವೇರ್ ಐತೆಲ್ಲ, ಅದಕ್ಕ ಬಾಯಿ ಬೇಕಾಗಿಲ್ಲ.”

ಆ ಉಳಿದದ್ದರಲ್ಲಿ ನಾನಿದ್ದೇನೆ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಬೆಳಿಗ್ಗೆ ಶಟರ್ ಎತ್ತುವುದು, ಪರದೆ ಹಚ್ಚುವುದು. ಕಾಗವಾಡದ ಸಾಲು ಎಲ್ಲರಿಗಿಂತ ಮೊದಲು ಹಸಿರಾಗುತ್ತಿತ್ತು. ನಿಪ್ಪಾಣಿ ಹಸಿರು. ಅಥಣಿ ಹಸಿರು. ತಲೆಕೆಳಗಾದ ಫೋಟೋ ಇಲ್ಲ, ಕುಕ್ಕರಿನ ಸೀಟಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನು ಕೆಟ್ಟಿದೆಯೇ ಎಂದು ಪರೀಕ್ಷಿಸಲು ಪಕ್ಕದ ಝೆರಾಕ್ಸ್ ಅಂಗಡಿಯವನಿಂದ ಕರೆ ಮಾಡಿಸಿಕೊಂಡೆ. ಬಂತು. “ಏನ್ರೀ, ಹತ್ತ ಹೆಜ್ಜಿ ನಡಕೊಂಡ ಬರಾಕ ಬ್ಯಾಸರೇನ್ರಿ?” ಎಂದು ಅವನು ನಕ್ಕ. ಸುನಂದಾ ವಹಿನಿಗೆ ನಾನೇ ಒಮ್ಮೆ ಫೋನು ಮಾಡಿದೆ. “ಕಾಯ್ ಝಾಲಂ ಭಾವೂಜಿ, ಏನರ ಕೆಂಪ ಆಗೈತೇನ್ರಿ?” ಎಂದು ಗಾಬರಿಯಾದರು. ಏನೂ ಆಗಿಲ್ಲ, ಸುಮ್ಮನೆ ಎಂದೆ. ಸುಮ್ಮನೆ ಎಂಬುದನ್ನು ಅವರು ನಂಬಲಿಲ್ಲ. ಸಂಜೆಯವರೆಗೆ ಎರಡು ಸಲ ತಿರುಗಿ ಫೋನು ಮಾಡಿ, ಚೀಲ ಕಳೆದಿದ್ದರೆ ನಿಜ ಹೇಳಿ ಎಂದರು.

ಶ್ರಾವಣದಲ್ಲಿ ಮಹಾರಾಷ್ಟ್ರದ ಕಡೆ ಮಳೆ ಹಿಡಿಯಿತು. ನಮ್ಮಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. ಅದು ಇಲ್ಲಿಯ ಪದ್ಧತಿ. ಯಡೂರಿನ ದಂಡೆಯ ಗದ್ದೆಗಳು ಮುಳುಗಿದವು. ಕುಡಚಿಯಿಂದ ಉಗಾರಕ್ಕೆ ಹೋಗುವ ಸೇತುವೆಯ ಮೇಲೆ ನೀರು ಬಂದು ರಸ್ತೆ ಬಂದ್ ಆಯಿತು. ಅಂದು ಮಧ್ಯಾಹ್ನ ಪರದೆಯ ನಕ್ಷೆ ನೋಡುತ್ತೇನೆ, ರಾಯಬಾಗದ ನಮ್ಮ ಗಾಡಿಯ ಚುಕ್ಕಿ ಕೃಷ್ಣಾ ನದಿಯ ನಟ್ಟನಡುವೆ ನಿಂತಿದೆ. ಅಲುಗುತ್ತಿಲ್ಲ. ಡ್ರೈವರನ ಫೋನು ಹತ್ತುತ್ತಿಲ್ಲ. ಕಣ್ಣಮುಂದೆ ಅವನ ಹೆಂಡತಿ ಮಕ್ಕಳು, ಪತ್ರಿಕೆಯವರು, ಪೊಲೀಸರು ಎಲ್ಲ ಬಂದುಹೋದರು. ಕಾಗವಾಡಕ್ಕೆ ಫೋನು ಮಾಡಿದೆ.

“ನೀ ಮಾಡಿದಿ, ನಾ ಎತ್ತಿದೆ. ದೋಷ ನಿಂದು” ಎಂದ ನೇಮಣ್ಣ.

“ಗಾಡಿ ನೀರಾಗ ಐತೋ.”

“ನಕ್ಷಾದಾಗ ಸೇತುವಿ ಇನ್ನೂ ಮುಳುಗಿಲ್ಲಪಾ. ಸಿಗ್ನಲ್ ಹೋದಾಗ ಅದು ತಾನ ದಾರಿ ಊಹಿಸಿ ಗಾಡಿ ಮುಂದ ಒಯ್ದೈತಿ. ಆ ಮಗಾ ಕುಡಚ್ಯಾಗ ಭಜಿ ತಿನ್ನಾಕತ್ತಿರತಾನ. ತಾಸಾಗಲಿ, ಎದ್ದು ಬರತೈತಿ ನೋಡು.”

ತಾಸಿನ ನಂತರ ಚುಕ್ಕಿ ನದಿಯಿಂದ ಎದ್ದು ಒಣರಸ್ತೆಗೆ ಬಂತು. ಮುಂದೆ ಅದು ಅಂಕಲಿಯ ದೊಡ್ಡ ಸೇತುವೆ ಸುತ್ತಿ ಕಾಗವಾಡ ಸೇರಿತು. ನನಗೆ ಜೀವ ಬಂದಂತಾಯಿತು. ಆದರೆ ನೇಮಣ್ಣ ಅಷ್ಟು ಹೇಳಿ ಫೋನು ಇಟ್ಟಿದ್ದ. ಊಟ ಮಾಡಿದೆಯಾ ಎಂದು ಕೇಳಿರಲಿಲ್ಲ. ಗಾಡಿ ಮುಳುಗಿಲ್ಲ ಎಂಬುದಕ್ಕಿಂತ ಅದೇ ಮನಸ್ಸಿನಲ್ಲಿ ಉಳಿಯಿತು.

ಆ ವ್ರತ ಇದ್ದಲ್ಲೇ ಇರುವಂಥದ್ದಲ್ಲ, ದಿನ ಕಳೆದಂತೆ ಎಲ್ಲೆಯನ್ನು ಒಳಗೊಳಗೆ ಎಳೆದುಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು. ಗಾಡಿಯ ಡ್ರೈವರ್ ಸುದ್ದಿ ತರುತ್ತಿದ್ದ. ಮೊದಲು ಊರ ಸೀಮೆ. ಆಮೇಲೆ ಊರೊಳಗಿನ ಓಣಿಗಳು. “ಅಣ್ಣಾರು ಈಗ ಅಂಗಡಿ ಮತ್ತ ಬಸದಿ, ಅಷ್ಟರಿ” ಎಂದ ಒಂದು ದಿನ. “ಮಾತೂ ಕಡಿಮಿ ಆಗ್ಯಾವು. ಚೀಲ ಕೈಯಾಗ ಕೊಟ್ಟರ ನಗತಾರ, ಮುಗೀತು.” ಫೋನು ಎತ್ತುವುದನ್ನೂ ಬಿಟ್ಟ. ನಾನೇ ಹೋಗಿಬರಬಹುದಿತ್ತು; ಕರೆಯದೆ ಹೋದರೆ ಅವನ ವ್ರತ ಕೆಡುತ್ತದೇನೋ ಎಂಬ ಚಿಂತೆಯಲ್ಲಿ ಹೋಗಲಿಲ್ಲ.

ಆದರೆ ಪರದೆಯ ಮೇಲೆ ಅವನು ಹಿಂದೆಂದೂ ಇಲ್ಲದಷ್ಟು ಓಡಾಡುತ್ತಿದ್ದ. ನಕ್ಷೆಯಲ್ಲಿ ಕಾಗವಾಡದ ಸುತ್ತ ದಿನವೂ ಹೊಸ ಗುರುತುಗಳು ಮೂಡತೊಡಗಿದವು. ಉಪಗ್ರಹದ ಚಿತ್ರ ನೋಡಿ, ಕಬ್ಬಿನ ಹಸಿರಿನ ನಡುವೆ ತಗಡಿನ ಛಾವಣಿ ಹುಡುಕಿ, ಒಂದೊಂದು ತೋಟದ ಮನೆಗೂ ಹೆಸರು ಹಾಕುತ್ತಿದ್ದ. ಕೆಳಗೆ ಟಿಪ್ಪಣಿ. ‘ನಾಯಿ ಐತಿ, ಹಾರ್ನ್ ಹೊಡದು ನಿಲ್ರಿ.’ ‘ಅಜ್ಜಿಗೆ ಕಿವಿ ಕೇಳೂದಿಲ್ಲ, ಹಿಂದಿನ ಬಾಗಲಾಕ ಹೋಗ್ರಿ.’ ‘ಅಣ್ಣ ತಮ್ಮ ಮಾತಾಡೂದಿಲ್ಲ, ಒಬ್ಬರ ಪಾರ್ಸಲ್ ಇನ್ನೊಬ್ಬರಿಗೆ ಕೊಡಬ್ಯಾಡ್ರಿ.’ ‘ಹೊತ್ತು ಮುಳುಗಿದ ಮ್ಯಾಲ ಹೋದರ ಊಟಕ್ಕ ಕರಿಯೂದಿಲ್ಲ, ಅದಕ್ಕ ಮದ್ಲ ಹೋಗ್ರಿ.’

ನಾನು ಅವನ್ನು ಓದುತ್ತಾ ಕೂರುತ್ತಿದ್ದೆ. ಹೊಸತಿಲ್ಲದ ದಿನ ಹಳೆಯವನ್ನೇ. ಅವನ್ನು ಮನಸ್ಸಿನಲ್ಲೇ ಅವನ ದನಿಯಲ್ಲಿ ಓದಿ, ಕೆಲವಕ್ಕೆ ಗಟ್ಟಿಯಾಗಿ ಉತ್ತರವನ್ನೂ ಕೊಡುತ್ತಿದ್ದೆ. ಝೆರಾಕ್ಸಿನವನು ಒಮ್ಮೆ ಇಣುಕಿ ನೋಡಿ, ಕಿವಿಯಲ್ಲಿ ಯಂತ್ರ ಹಾಕಿಕೊಂಡು ಮಾತಾಡುತ್ತಿದ್ದೇನೆಂದು ತಿಳಿದು ಹೋದ. ಅಷ್ಟರ ಮಟ್ಟಿಗೆ ಕಾಲ ನನ್ನ ಮಾನ ಕಾಯಿತು. ಒಳಗೊಳಗೆ ಖುಷಿಯೂ ಇತ್ತು. ಸಾಫ್ಟ್‌ವೇರ್ ಎಂದರೆ ಮೂಗು ಮುರಿಯುತ್ತಿದ್ದವನು ಇಷ್ಟು ಮನಸ್ಸಿಟ್ಟು ಮಾಡುತ್ತಿದ್ದಾನೆಂದರೆ ವ್ಯವಹಾರದಲ್ಲಿ ಹೊಸದಾಗಿ ಬೇರು ಬಿಡುತ್ತಿದ್ದಾನೆ, ವ್ರತ ಮುಗಿದ ಮೇಲೆ ಇಬ್ಬರೂ ಸೇರಿ ಇನ್ನೊಂದು ಹಬ್ ತೆರೆಯಬಹುದು ಎಂದುಕೊಂಡೆ.

ಭಾದ್ರಪದದಲ್ಲಿ ಅವರ ಪರ್ವ ಮುಗಿದ ಮೇಲೆ ಒಂದು ದಿನ ಬರುತ್ತದೆ. ಅಂದು ಜೈನರು ಪರಿಚಯದವರನ್ನೆಲ್ಲ ಕಂಡು, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಪ್ರತಿ ವರ್ಷ ನೇಮಣ್ಣನ ಮೊದಲ ಕರೆ ನನಗೇ. “ಬಸು, ಈ ವರ್ಷ ನಿನ್ನ ಎಷ್ಟ ಸಲ ಬೈದೇನಿ ಲೆಕ್ಕಿಲ್ಲ, ಅಷ್ಟೂ ಮಾಫ್ ಮಾಡು. ನಾಳಿಂದ ಹೊಸದಾಗಿ ಬೈತೇನಿ.” ಆ ವರ್ಷ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಕಾದೆ. ವ್ರತ ಗೊತ್ತಿದ್ದೂ ಕಾದೆ. ಸಂಜೆ ನಾನೇ ಮಾಡಿದೆ. ಸ್ವಿಚ್ ಆಫ್ ಇತ್ತು. ರವಿವಾರ ಬೆಳಗಾವಿಯಲ್ಲಿ ಊಟಕ್ಕೆ ಕುಳಿತಾಗ ಶೈಲಜಾ ನನ್ನ ಮುಖ ನೋಡಿ, “ಅಲ್ರೀ, ನಾ ನಾಲ್ಕ ದಿನ ಫೋನ್ ಮಾಡದಿದ್ದರ ಹಿಂಗ ಅನ್ನ ಬಿಟ್ಟು ಕುಂದರತೀರೇನು?” ಎಂದಳು. ನೀನು ಫೋನ್ ಮಾಡದೇ ಇರುವುದಿಲ್ಲವಲ್ಲ ಎಂದೆ. ಹೇಳಬಾರದ ಉತ್ತರ ಅದು ಎಂದು ಹೇಳಿದ ಮೇಲೆ ಗೊತ್ತಾಯಿತು.

ದೀಪಾವಳಿ ಮುಗಿಯಿತು. ಚಾತುರ್ಮಾಸವೂ ಮುಗಿಯಿತು. ಕಬ್ಬಿನ ಗಾಡಿಗಳು ರಸ್ತೆಗೆ ಬಂದವು. ಒಂದು ಮಧ್ಯಾಹ್ನ ನೇಮಣ್ಣ ಬಸ್ಸಿಳಿದು ಅಂಗಡಿಗೆ ಬಂದ. ಬಡವಾಗಿದ್ದ. ಬಿಳಿ ಧೋತರ, ಬಿಳಿ ಅಂಗಿ. ಎದ್ದುನಿಂತು ಅಪ್ಪಿಕೊಳ್ಳಬೇಕೆನಿಸಿತು, ನಮ್ಮಲ್ಲಿ ಆ ರೂಢಿ ಇಲ್ಲದ್ದರಿಂದ ಫ್ಯಾನು ಹಾಕಿದೆ.

ಅಂಗಡಿಯ ಹಿಂದೆಯೇ ನನ್ನ ಅಡಿಗೆಮನೆ. ಈರುಳ್ಳಿ ಹಾಕದೆ ಉಪ್ಪಿಟ್ಟು ಮಾಡಿದೆ, ನೀರು ಕಾಯಿಸಿ ಆರಿಸಿಟ್ಟೆ. ಉಪ್ಪಿಟ್ಟು ತಳ ಹಿಡಿದಿತ್ತು. ಅವನು ಸುಮ್ಮನೆ ಉಂಡ. ನನಗೆ ಚಿಂತೆ. ಪಾಲು ಹೆಚ್ಚು ಕೇಳಲು ಬಂದಿದ್ದಾನೆಯೇ? ಬೇರೆ ಕಂಪನಿಯವರು ಕರೆದಿದ್ದಾರೆಯೇ?

“ಬಸು, ಮಹಾರಾಜರ ಕೂಡ ಹೊಂಟೇನಿ” ಎಂದ ಕೈ ತೊಳೆದು.

“ಎಲ್ಲಿತನಾ, ಮಿರಜಿತನಾ?”

“ಎಲ್ಲಿತನ ಅಂತಿಲ್ಲ. ಕ್ಷುಲ್ಲಕ ದೀಕ್ಷಾ ತಗೋತೇನಿ.”

ಅದರ ಅರ್ಥ ನನಗೆ ಗೊತ್ತಿತ್ತು. ಮನೆ ಇಲ್ಲ, ಹಳೆಯ ಹೆಸರಿಲ್ಲ. ಮೈಮೇಲೆ ಎರಡು ಬಟ್ಟೆ, ಕೈಯಲ್ಲಿ ನವಿಲುಗರಿಯ ಪಿಂಛಿ, ದಿನಕ್ಕೊಂದು ಊಟ. ಊರಿಂದೂರಿಗೆ ಕಾಲ್ನಡಿಗೆ. ಫೋನಂತೂ ಇಲ್ಲವೇ ಇಲ್ಲ.

“ಮಗಳು?” ಎಂದೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗಿದ್ದವಳು ಮಗಳು ಸುಜಾತಾ ಒಬ್ಬಳೇ. ಅವಳನ್ನು ಶೇಡಬಾಳಕ್ಕೆ ಕೊಟ್ಟಿತ್ತು.

“ಅತ್ತಳು. ಆಮ್ಯಾಲ ಆಗಲಿ ಅಂದಳು.”

“ಹಬ್?”

“ಅಳಿಯ ನೋಡತಾನ. ಬಾಳ ವರ್ಷದಿಂದ ಇದೊಂದ ಗಂಟು ನನ್ನ ಹಿಡದಿತ್ತು ನೋಡು. ದೀಕ್ಷಾ ಕೇಳಿದಾಗೊಮ್ಮೆ ಮಹಾರಾಜರು, ನಿನ್ನ ಮ್ಯಾಲ ನಿಂತವರನ್ನ ಬೀಳಿಸಿ ಬರಬ್ಯಾಡ ಅನ್ನೂರು. ಎಲ್ಲಾ ನನ್ನ ತಲ್ಯಾಗ ಇತ್ತು, ತಲಿ ಬಿಟ್ಟು ಹೆಂಗ ಹೋಗ್ಲಿ? ಈಗ ಅಷ್ಟೂ ನಿನ್ನ ಸಾಫ್ಟ್‌ವೇರ್‌ದಾಗ ಇಳಿಸೇನಿ. ಒಂದ ತೋಟ ಬಿಟ್ಟಿಲ್ಲ. ಯಾರ ಬೇಕಾದರೂ ಕುಂತು ನಡಸಬಹುದು.”

ಮಳೆಗಾಲವಿಡೀ ಅವನು ಮನೆ ಖಾಲಿ ಮಾಡುತ್ತಿದ್ದ; ನಾನು ಚಿಕ್ಕೋಡಿಯಲ್ಲಿ ಕುಳಿತು, ಹೊಸ ಸಾಮಾನು ಜೋಡಿಸುತ್ತಿದ್ದಾನೆಂದು ಹಿಗ್ಗಿದ್ದೆ. ಅವನನ್ನು ಊರಿಗೆ ಕಟ್ಟಿದ್ದ ಕೊನೆಯ ಹಗ್ಗ ಬಿಚ್ಚಲು ಬೇಕಾದ ಸಲಕರಣೆಯನ್ನು ನಾನೇ ಕೊಲ್ಹಾಪುರದಿಂದ ತರಿಸಿಕೊಟ್ಟಿದ್ದೆ, ವಾರ್ಷಿಕ ಸೇವಾಶುಲ್ಕದ ಸಮೇತ.

“ಮಹಾರಾಜರು ಸಭಾದಾಗ ಕೇಳತಾರ, ಇವನ್ನ ಬಿಟ್ಟು ಕೊಡತೀರೇನು ಅಂತ” ಎಂದ ನೇಮಣ್ಣ. “ನೀ ಬರಬೇಕು.”

“ನಾ ನಿಮ್ಮ ಮನ್ಯಾವನಲ್ಲ. ಲಿಂಗ ಕಟ್ಟಿದಾಂವ. ನನ್ನ ಯಾಕ ಕೇಳತಾರ?”

“ಸುಜಾತಾಗ ಗಂಡ, ಮಕ್ಕಳು, ದೊಡ್ಡ ಮನಿ ಐತಿ. ನಾ ಹೋದರ ಬರಿದಾಗಾಂವ ನೀ ಒಬ್ಬಾವ. ಕೇಳಬೇಕಾದದ್ದು ನಿನ್ನ. ಮಹಾರಾಜರಿಗೆ ಹೇಳೇನಿ.”

“ನಾ ಇಲ್ಲ ಅಂದರ?”

“ನಿಲ್ಲತೇನಿ.”

“ಸಿಟ್ಟಿಲ್ದ?”

“ಅದು ಗೊತ್ತಿಲ್ಲಪಾ. ಅಷ್ಟ ದೊಡ್ಡಾಂವ ಇನ್ನೂ ಆಗಿಲ್ಲ.”

ಬಿಸಿಲು ಇಳಿಯುವ ಮುನ್ನ ಅವನ ಬಸ್ಸು ಹೋಯಿತು. ಸಭೆಗೆ ಮೊದಲಿನ ಆ ದಿನಗಳಲ್ಲಿ ನಾನು ಇಲ್ಲ ಎನ್ನುವುದನ್ನು ಅಭ್ಯಾಸ ಮಾಡಿದೆ. ಸುಳ್ಳಾಡಬೇಕಾಗಿರಲಿಲ್ಲ, ಕಾರಣಗಳು ರಾಶಿ ಇದ್ದವು. ಅಳಿಯನಿಗೆ ಅನುಭವ ಸಾಲದು. ಹಂಗಾಮಿನಲ್ಲಿ ಪಾರ್ಸಲು ಹೆಚ್ಚು. ಇವನಿಗೆ ವಯಸ್ಸಾಯಿತು. ಒಂದು ವರ್ಷ ತಡೆಯಲಿ. ಕನ್ನಡಿಯ ಮುಂದೆ ನಿಂತು ಹೇಳಿದರೆ ಬಹಳ ನ್ಯಾಯವಾಗಿ ಕೇಳಿಸುತ್ತಿತ್ತು. ಶೈಲಜಾಗೆ ಫೋನಿನಲ್ಲಿ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ, “ಎಲ್ಲಾ ಖರೇನ ಐತ್ರಿ. ಆದ್ರ ಇದರಾಗ ನಿಮ್ಮ ಸುದ್ದಿನ ಬರಲಿಲ್ಲಲ” ಎಂದಳು.

ಕಾಗವಾಡದ ಬಸದಿಯ ಪಕ್ಕದ ಮಂಟಪ ತುಂಬಿತ್ತು. ನಾನು ಹೊರಗೆ ಬಿಟ್ಟ ಚಪ್ಪಲಿ ಕಳೆಯುತ್ತದೆಂದು ಚಿಂತಿಸುತ್ತಾ ಕಂಬದ ಹಿಂದೆ ಕುಳಿತೆ. ಮುನಿಗಳು ವೇದಿಕೆಯ ಮೇಲೆ, ನೇಮಣ್ಣ ಅವರೆದುರು ನೆಲದ ಮೇಲೆ. ಸುಜಾತಾ ಎದ್ದು, ಸೆರಗು ಬಾಯಿಗೆ ಒತ್ತಿಕೊಂಡು, ನಮ್ಮ ಒಪ್ಪಿಗೆ ಇದೆ ಎಂದಳು. ಹಿರಿಯ ಮುನಿಗಳು, “ಇವರ ದೋಸ್ತರು ಚಿಕ್ಕೋಡಿಯವರು ಬಂದಾರೇನು?” ಎಂದರು. ಎಲ್ಲರೂ ತಿರುಗಿದರು. ನೇಮಣ್ಣ ತಿರುಗಲಿಲ್ಲ. ಅವನ ಬೆನ್ನು ಕಾಣುತ್ತಿತ್ತು. ಆ ಬೆನ್ನನ್ನು ನೋಡುತ್ತಲೇ ನಾನು ಎಷ್ಟೋ ವರ್ಷ ಈ ಸೀಮೆಯೆಲ್ಲ ತಿರುಗಿದ್ದೆ.

ಎದ್ದು ನಿಂತೆ. ಅಭ್ಯಾಸ ಮಾಡಿದ್ದರಲ್ಲಿ ಒಂದೂ ನೆನಪಾಗಲಿಲ್ಲ.

“ಮಹಾರಾಜರ, ಇಂವನ ಬಲಗಾಲ ಮಂಡಿ ಛಲೋ ಇಲ್ರಿ” ಎಂದೆ. “ಒಮ್ಮೆ ಗಾಡಿ ಮ್ಯಾಲಿಂದ ಬಿದ್ದಿದ್ದ. ಏರು ಹತ್ತತಾನ, ಇಳಕಲಿನ್ಯಾಗ ನೋವಾಗತೈತಿ. ಕೇಳಿದರ ಏನಿಲ್ಲ ಅಂತಾನ್ರಿ. ಇಂವ ಹೇಳಾಂವಲ್ಲ.”

“ಅದಕ್ಕ?” ಎಂದರು ಮುನಿಗಳು ಮೆಲ್ಲಗೆ.

ಇಲ್ಲ ಎನ್ನಬೇಕಾಗಿದ್ದ ಜಾಗ ಅದು. ಇಡೀ ಮಂಟಪ ಅದಕ್ಕೆ ಜಾಗ ಬಿಟ್ಟುಕೊಂಡು ಕುಳಿತಿತ್ತು.

“ಅದಕ್ಕ… ಇಳಕಲ ಬಂದಾಗ ಸ್ವಲ್ಪ ಸಾವಕಾಶ ನಡಸ್ರಿ.”

ಯಾರೋ ನಕ್ಕರು, ಹೆಂಗಸರ ಕಡೆ ಯಾರೋ ಬಿಕ್ಕಿದರು. ಮುನಿಗಳು ಕೈ ಎತ್ತಿ, “ಆತು, ನಡಸತೇವಿ” ಎಂದರು. ನೇಮಣ್ಣ ತಲೆ ಬಗ್ಗಿಸಿದ. ಅವನ ಕೈ ಬಲಮಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು.

ನಾನು ಕುಳಿತುಕೊಂಡೆ. ಪಕ್ಕದಲ್ಲಿದ್ದ, ಗುರುತಿಲ್ಲದ ಮುದುಕರೊಬ್ಬರು ನನ್ನ ತೊಡೆ ತಟ್ಟಿ, “ಒಪ್ಪಿಗಿ ಕೊಟ್ಟರಿ, ಛಲೋ ಮಾಡಿದ್ರಿ” ಎಂದರು.

“ಕೊಟ್ಟೆನೇನ್ರಿ?” ಎಂದು ಕೇಳಿದೆ.

“ಕೊಟ್ಟರಲ್ರಿ” ಎಂದರು ಅವರು. “ಎಲ್ಲಾರೂ ಕೇಳೇವಿ.”